ಮೇಸ್ತ್ರಿ ಓಡಿಸಿದ ಒಂದೇ ರೇಸು

ಗಾಡಿ ಓಡಿಸುವವನು ಸ್ಕ್ರೂಡ್ರೈವರ್ ಮುಟ್ಟಬಾರದು, ಸ್ಕ್ರೂಡ್ರೈವರ್ ಹಿಡಿದವನು ರಿಮೋಟ್ ಮುಟ್ಟಬಾರದು. ಇದು ನಮ್ಮ ಮೇಸ್ತ್ರಿಯ ಕಾನೂನು. ತ್ರಿಪ್ಲಿಕೇನಿನ ಒಂದು ಮೆಸ್ಸಿನ ಮೇಲಿನ ಮಹಡಿಯಲ್ಲಿದ್ದ ನಮ್ಮ ಅಂಗಡಿಯಲ್ಲಿ ರಿಮೋಟಿನ ಕಾರು, ದೋಣಿ, ಪುಟ್ಟ ವಿಮಾನ ಮಾರುತ್ತಿದ್ದೆವು. ಹಿಂದಿನ ಕೋಣೆಯಲ್ಲಿ ಅವುಗಳ ರಿಪೇರಿ. ಆ ಬೆಂಚಿನಲ್ಲಿ ಇದ್ದದ್ದು ಇಬ್ಬರೇ, ಮೇಸ್ತ್ರಿ ಮತ್ತು ಅವರ ಕೈಕೆಳಗೆ ನಾಲ್ಕು ವರ್ಷದಿಂದ ಕೆಲಸ ಕಲಿಯುತ್ತಿದ್ದ ನಾನು. ಕೆಳಗಿನ ಮೆಸ್ಸಿನ ಸಾಂಬಾರಿನ ವಾಸನೆ ಹನ್ನೊಂದು ಗಂಟೆಗೆ ಮೆಟ್ಟಿಲು ಹತ್ತಿ ಬರುತ್ತಿತ್ತು. ಮೇಸ್ತ್ರಿ ಗಡಿಯಾರ ನೋಡಿದ್ದನ್ನು ನಾನು ಕಂಡಿಲ್ಲ.

ಅವರ ಕಾನೂನಿಗೆ ಕಾರಣವಿತ್ತು. ರೇಸಿಗೆ ಬರುವ ನಮ್ಮ ಗಿರಾಕಿಗಳೆಲ್ಲ ಅನುಕೂಲಸ್ಥರು, ಎಲ್ಲರಿಗೂ ಅರ್ಧ ವಿದ್ಯೆ. ಮೇಸ್ತ್ರಿ ಮೂರು ದಿನ ಕೂತು ಹದ ಮಾಡಿಕೊಟ್ಟ ಗಾಡಿಯನ್ನು ಅವರು ರೇಸಿಗೆ ಹತ್ತು ನಿಮಿಷ ಮುಂಚೆ ತಾವೇ ತಿರುಪಿ ಕೆಡಿಸಿ, ಸೋತು, ಆಮೇಲೆ ಮೇಸ್ತ್ರಿಯನ್ನು ಬೈಯುತ್ತಿದ್ದರು. ಮೇಸ್ತ್ರಿ ಬೈಗುಳ ಕೇಳಿಸಿಕೊಂಡು, ಗಾಡಿಯನ್ನು ಚಿಂದಿಬಟ್ಟೆಯಲ್ಲಿ ಒರೆಸಿ, "ಸೆರಿ ಸಾರ್" ಎನ್ನುತ್ತಿದ್ದರು.

ಅವರ ಮನೆಮಾತು ಕನ್ನಡ. ಆದರೆ ಮೂರು ತಲೆಮಾರಿನಿಂದ ಮದ್ರಾಸಿನಲ್ಲೇ ಇದ್ದವರಾದ್ದರಿಂದ ಆ ಕನ್ನಡಕ್ಕೆ ತಮಿಳಿನ ಒಗ್ಗರಣೆ ಜೋರಾಗಿಯೇ ಬಿದ್ದಿತ್ತು. ನಾನು ಅರಸೀಕೆರೆ ಕಡೆಯವಳು. ಅಪ್ಪನ ರೈಲ್ವೆ ನೌಕರಿಯ ಹಿಂದೆ ಪೆರಂಬೂರಿಗೆ ಬಂದು ನೆಲೆಸಿದ ಮನೆ ನಮ್ಮದು. ಅವರ ಮಾತು ನನಗೆ ಅರ್ಥವಾಗಲು ಮೊದಲ ಆರು ತಿಂಗಳು ಹಿಡಿಯಿತು. ನನ್ನ ಮಾತು ಅವರಿಗೆ ಮೊದಲ ದಿನವೇ ಅರ್ಥವಾಗಿತ್ತಂತೆ, ಸುಮ್ಮನೆ ಮಜಾ ನೋಡುತ್ತಿದ್ದರಂತೆ.

ಆ ವರ್ಷ ದಸರಾ ಕಳೆದ ಮೇಲೆ ಮೇಸ್ತ್ರಿ ಕೆಲಸ ಬಿಟ್ಟು ಮಧುರೆಯ ಮಗಳ ಮನೆಗೆ ಹೋಗುವುದೆಂದು ತೀರ್ಮಾನವಾಗಿತ್ತು. ಬೀಳ್ಕೊಡುಗೆಗೆ ಏನು ಬೇಕೋ ಕೇಳಿ ಎಂದು ಅಂಗಡಿಯ ಯಜಮಾನರು ಧಾರಾಳವಾಗಿ ಅಂದರು. ವಾಚೋ, ಮಿಕ್ಸಿಯೋ ಕೇಳುತ್ತಾರೆಂದು ನಾವು ಕಾದೆವು.

"ಒಂದು ರೇಸ್ ಓಡಿಸ್ಬೇಕು ಸಾರ್," ಅಂದರು ಮೇಸ್ತ್ರಿ. "ಇಷ್ಟು ವರ್ಷ ನಾನು ಕೊಟ್ಟ ಗಾಡಿ ಊರೆಲ್ಲ ಓಡಿಸಿದಾರೆ. ಯಾರಾದ್ರೂ ಕೊಟ್ಟ ಗಾಡಿ ನಾನು ಒಂದು ಸಲಾನೂ ಓಡಿಸಿಲ್ಲ."

ಯಜಮಾನರು ತಕ್ಷಣ ಒಪ್ಪಿದರು. ವಿಜಯದಶಮಿಯ ಬೆಳಿಗ್ಗೆ ಎಣ್ಣೂರಿನ ಬಯಲಿನಲ್ಲಿ ಹವ್ಯಾಸಿಗಳ ರೇಸಿತ್ತು. ಅದಕ್ಕೆ ಅಂಗಡಿಯದೇ ಒಂದು ಬಗ್ಗಿಯನ್ನು ಕೊಡುವುದು ಎಂದಾಯಿತು. ಮೇಸ್ತ್ರಿ ಆ ಬಗ್ಗಿಯನ್ನು ಶೋಕೇಸಿನಿಂದ ಇಳಿಸಿ ತಂದು ನನ್ನ ಮುಂದಿಟ್ಟು, ತಮ್ಮ ಸ್ಟೂಲನ್ನು ಕಿಟಕಿಯ ಕಡೆಗೆ ತಿರುಗಿಸಿಕೊಂಡು ಕೂತರು.

"ನೀನ್ ರೆಡಿ ಮಾಡು ಮಾ. ನಾನು ಡ್ರೈವರ್."

ನಾನು ನಕ್ಕೆ. ಅವರು ನಗಲಿಲ್ಲ.

ಬಗ್ಗಿ ಎಂದರೆ ಮಕ್ಕಳ ಆಟಿಕೆಯಲ್ಲ. ಮೊಳದುದ್ದದ ಗಾಡಿಯೇ ಹೌದು, ಆದರೆ ಅದರೊಳಗೆ ದೊಡ್ಡ ಕಾರಿನಲ್ಲಿರುವ ತಲೆನೋವೆಲ್ಲ ಇದೆ. ಗೇರು, ಡಿಫರೆನ್ಷಿಯಲ್, ಕ್ಲಚ್ಚು, ನಾಲ್ಕು ಚಕ್ರಕ್ಕೆ ಎಣ್ಣೆ ತುಂಬಿದ ನಾಲ್ಕು ಶಾಕ್‌ಗಳು. ಆಗ ಬ್ರಷ್ ಮೋಟಾರಿನ ಕಾಲ. ಬ್ಯಾಟರಿ ಐದಾರು ನಿಮಿಷಕ್ಕೆ ಸುಸ್ತಾಗುತ್ತಿತ್ತು, ರೇಸೂ ಅಷ್ಟೇ ಹೊತ್ತು. ಆ ಐದು ನಿಮಿಷಕ್ಕಾಗಿ ನಾನು ಒಂದು ತಿಂಗಳು ಕೂತೆ.

ಮೊದಲು ಇಡೀ ಗಾಡಿ ಬಿಚ್ಚಿ, ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದೆ. ಶಾಕ್‌ಗಳಿಗೆ ಮೂವತ್ತನೇ ನಂಬರಿನ ಸಿಲಿಕೋನ್ ಎಣ್ಣೆ ತುಂಬಿ, ಗುಳ್ಳೆಗಳೆಲ್ಲ ಮೇಲೆದ್ದು ಹೋಗುವ ತನಕ ಅಲುಗಿಸದೆ ನಿಲ್ಲಿಸಿದೆ. ಹದ ನೋಡುವ ಪರೀಕ್ಷೆ ಸುಲಭ. ಗಾಡಿಯನ್ನು ಗೇಣೆತ್ತರದಿಂದ ಬೆಂಚಿನ ಮೇಲೆ ಬಿಟ್ಟರೆ ಅದು ಟಪ್ಪೆಂದು ಕೂತು, ಅರ್ಧ ಎದ್ದು, ಅಲ್ಲೇ ನಿಲ್ಲಬೇಕು. ಕುಣಿದರೆ ಎಣ್ಣೆ ತೆಳು, ಏಳದಿದ್ದರೆ ದಪ್ಪ. ನನ್ನ ಗಾಡಿ ಚೆನ್ನಾಗಿಯೇ ನಿಂತಿತು. ನಾನೇ ಅಂಗಡಿಯ ತಾರಸಿಯ ಮೇಲೆ ಓಡಿಸಿ ನೋಡಿದೆ, ಹೇಳಿದ ಹಾಗೆ ಕೇಳಿತು. ಜಂಬದಿಂದ ಅದನ್ನು ಮೇಸ್ತ್ರಿಯ ಕೈಗೆ ಕೊಟ್ಟೆ. ಮೊದಲನೇ ಭಾನುವಾರ ಅಭ್ಯಾಸಕ್ಕೆ ಹೋದಾಗ ಎಣ್ಣೂರಿನಲ್ಲಿ ಅದು ಪ್ರತಿ ತಿರುವಿನಲ್ಲೂ ಬುಗುರಿಯ ಹಾಗೆ ತಿರುಗಿ ಹಿಂದುಮುಂದಾಗಿ ನಿಂತಿತು.

ತಪ್ಪು ನನ್ನದೇ. ಗಾಡಿಯನ್ನು ನನ್ನ ಬೆರಳಿಗೆ ಹದ ಮಾಡಿದ್ದೆ. ಮೇಸ್ತ್ರಿ ಜೀವಮಾನವೆಲ್ಲ ಬೋಲ್ಟು ಬಿಗಿ ಮಾಡಿದವರು. ರಿಮೋಟಿನ ಟ್ರಿಗರನ್ನೂ ಅವರು ಬೋಲ್ಟು ಬಿಗಿ ಮಾಡುವ ಹಾಗೆಯೇ ಕೊನೆ ತನಕ ಎಳೆದುಬಿಡುತ್ತಿದ್ದರು. ಅಂಥ ಶಕ್ತಿ ಒಂದೇ ಸಲಕ್ಕೆ ಹಿಂದಿನ ಚಕ್ರಕ್ಕೆ ಹೋದರೆ ಮರಳಿನಲ್ಲಿ ಯಾವ ಟೈರು ಹಿಡಿದು ನಿಲ್ಲುತ್ತದೆ?

"ಏನು ಮಾಡ್ಲಿ ಮೇಸ್ತ್ರಿ?" ಎಂದು ಕೇಳಿದೆ.

"ಅದು ಮೆಕ್ಯಾನಿಕ್‌ನ ಕೇಳು," ಅಂದರು. "ಗಾಡಿ ತಿರುಗ್ತಿದೆ. ನಾನು ಹೇಳೋದು ಅಷ್ಟೇ."

ಸಿಟ್ಟು ಬಂತು. ನಾಲ್ಕು ವರ್ಷ ಪ್ರತಿ ಸ್ಕ್ರೂವಿಗೂ "ಕಾಲು ಸುತ್ತು, ಅರ್ಧ ಅಲ್ಲ" ಎಂದು ತಲೆ ತಿಂದ ಮನುಷ್ಯ ಈಗ ಮಾವನ ಮನೆಗೆ ಬಂದ ಅಳಿಯನ ಹಾಗೆ ಕೂತಿದ್ದರು. ಆ ವಾರ ಅವರ ಸ್ಟೂಲಿನ ಕಡೆ ಬೆನ್ನು ಹಾಕಿಯೇ ಕೆಲಸ ಮಾಡಿದೆ, ಇನ್ನು ಏನನ್ನೂ ಕೇಳುವುದಿಲ್ಲ ಎಂದು ಹಟ ತೊಟ್ಟೆ. ಕ್ಲಚ್ಚನ್ನು ಸಡಿಲ ಮಾಡಿದೆ, ಅವರ ಒರಟು ಎಳೆತಕ್ಕೆ ಅದು ಮೊದಲು ಒಂದಿಷ್ಟು ಜಾರಲಿ ಎಂದು. ಹಿಂದಿನ ಚಕ್ರಗಳ ಮೂಗನ್ನು ಒಳಕ್ಕೆ ತಿರುಗಿಸಿದೆ. ಹಿಂದಿನ ಶಾಕ್‌ಗಳ ಮೇಲ್ತುದಿಯನ್ನು ಒಂದು ತೂತು ಒಳಗೆ ಸರಿಸಿ ಮೆತ್ತಗೆ ಮಾಡಿದೆ. ಎಡಬಲದ ತೂಕ ಸಮ ಇದೆಯೇ ಎಂಬುದು ಉಳಿದಿತ್ತು. ಅಂಗಡಿಯಲ್ಲಿ ತಕ್ಕಡಿ ಇರಲಿಲ್ಲ. ಗೊಂಬೆ ಕೂರಿಸುವ ಸಂಭ್ರಮಕ್ಕೆ ತರಕಾರಿ ತರಲು ಅಮ್ಮನ ಜೊತೆ ಕೋಯಂಬೇಡಿಗೆ ಹೋದಾಗ ಗಾಡಿಯನ್ನೂ ಚೀಲದಲ್ಲಿ ಹಾಕಿಕೊಂಡೆ. ಈರುಳ್ಳಿ ವ್ಯಾಪಾರಿಯ ದೊಡ್ಡ ತಕ್ಕಡಿಯ ಒಂದು ತಟ್ಟೆಗೆ ಎಡಗಡೆಯ ಚಕ್ರ, ಇನ್ನೊಂದಕ್ಕೆ ಬಲಗಡೆಯದು ಬರುವಂತೆ ಒಂದು ಹಲಗೆಯನ್ನು ಅಡ್ಡವಿಟ್ಟು ನೋಡಿದೆ. ವ್ಯಾಪಾರಿ ಗಂಭೀರವಾಗಿ, "ಇದು ಕಿಲೋ ಎವ್ವಳವು ಮಾ?" ಎಂದು ಕಿಲೋಗೆ ಎಷ್ಟೆಂದು ಕೇಳಿದ. ಅಮ್ಮ ನನ್ನ ಗುರುತೇ ಇಲ್ಲದವಳ ಹಾಗೆ ಕೊತ್ತಂಬರಿ ಸೊಪ್ಪಿನ ಕಡೆ ಹೊರಟುಹೋದಳು. ಬ್ಯಾಟರಿಯನ್ನು ಎರಡು ಬೆರಳಿನಷ್ಟು ಬಲಕ್ಕೆ ಸರಿಸಿದಾಗ ತಕ್ಕಡಿ ಸಮವಾಯಿತು.

ಮೂರನೇ ಭಾನುವಾರ ಮೇಸ್ತ್ರಿ ಎಣ್ಣೂರಿನಲ್ಲಿ ಒಂದೇ ಒಂದು ಸಲವೂ ತಿರುಗದೆ ಐದು ನಿಮಿಷ ಓಡಿಸಿದರು. ಟ್ರ್ಯಾಕಿನ ನಡುವೆ ಮರಳಿನ ಮೂಟೆಗಳ ಮೇಲೆ ಗೋಣಿ ಹಾಸಿ ಮಣ್ಣು ಬಡಿದ ಜೋಡಿ ದಿಬ್ಬವಿತ್ತು. ಒಂದರಿಂದ ಹಾರಿ ಇನ್ನೊಂದರ ಆಚೆ ಇಳಿದರೆ ಎರಡು ಸೆಕೆಂಡು ಉಳಿಯುತ್ತದೆ. ಗಾಡಿ ಅದನ್ನು ಹಾರಿದಾಗಲೆಲ್ಲ ಮೇಸ್ತ್ರಿಯ ಹಿಮ್ಮಡಿಯೂ ನೆಲ ಬಿಡುತ್ತಿತ್ತು. ಅವರಿಗೆ ಅದು ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ.

ಹೀಗೆ ಆಯುಧಪೂಜೆ ಬಂತು. ಅವತ್ತು ಉಪಕರಣಗಳನ್ನೆಲ್ಲ ತೊಳೆದು ಪೂಜೆಗಿಟ್ಟರೆ ಮರುದಿನ ಬೆಳಿಗ್ಗೆ ಮಂಗಳಾರತಿ ಆಗುವ ತನಕ ಒಂದು ಸ್ಪ್ಯಾನರನ್ನೂ ಎತ್ತುವ ಹಾಗಿಲ್ಲ. ಈ ವಿಷಯದಲ್ಲಿ ಮೇಸ್ತ್ರಿ ಮಹಾ ಕಟ್ಟುನಿಟ್ಟು. ಅಮ್ಮ ಬೆಳಿಗ್ಗೆಯೇ ಕೂತು ತೇದ ಗಂಧವನ್ನು ಡಬ್ಬಿಯಲ್ಲಿ ತುಂಬಿಕೊಟ್ಟಿದ್ದಳು.

"ಒಂದಕ್ಕೂ ಬಿಡ್ದಂಗೆ ಇಡು ಕಣೆ. ಹೋದ್ ವರ್ಷ ನಿಮ್ಮಪ್ಪ ಸೈಕಲ್ಲಿಗೆ ಮರ್ತು, ಚೈನು ಕಿತ್ಕೊಂಡು ಬೀದೀಲಿ ಬಿದ್ರು."

ಬಾಳೆಲೆಯ ಮೇಲೆ ಸ್ಕ್ರೂಡ್ರೈವರು, ಇಕ್ಕಳ, ಬೆಸುಗೆ ಕಡ್ಡಿ ಸಾಲಾಗಿ ಮಲಗಿದವು. ನಡುವೆ ಬಗ್ಗಿ, ಅದರ ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು. ಪುರಿ, ಹುರಿಗಡಲೆ, ಬೆಲ್ಲ. ಯಜಮಾನರು ಬೂದುಗುಂಬಳಕ್ಕೆ ಕುಂಕುಮ ತುಂಬುತ್ತಿದ್ದರು, ಮೇಸ್ತ್ರಿ ಮೆಟ್ಟಿಲಿನ ಬಳಿ ಮಾವಿನೆಲೆ ಕಟ್ಟುತ್ತಿದ್ದರು. ನಾನು ಎಲ್ಲಕ್ಕೂ ಗಂಧ ಕುಂಕುಮ ಇಡುತ್ತ ಬಂದೆ. ಗಾಡಿಯ ಸರದಿ ಬಂದಾಗ ಎಲ್ಲಿಡುವುದೆಂದು ನೋಡಿದೆ. ಮೈಯೆಲ್ಲ ಕಪ್ಪು ಪ್ಲಾಸ್ಟಿಕ್ಕು, ಹೊಳೆಯುತ್ತಿದ್ದದ್ದು ನಾಲ್ಕು ಶಾಕ್‌ಗಳ ಉಕ್ಕಿನ ಕಡ್ಡಿಗಳು ಮಾತ್ರ. ತಿಂಗಳೆಲ್ಲ ಕೂತು ಮಾಡಿದ ಗಾಡಿ, ಪ್ರೀತಿ ಉಕ್ಕಿ ಬಂತು. ನಾಲ್ಕಕ್ಕೂ ಧಾರಾಳವಾಗಿ ಗಂಧ ಬಳಿದು, ಮೇಲೆ ಕುಂಕುಮದ ಬೊಟ್ಟಿಟ್ಟು, ಗಾಡಿಯ ಬೆನ್ನನ್ನು ಮೂರು ಸಲ ಒತ್ತಿ ಕಣ್ಣಿಗೊತ್ತಿಕೊಂಡೆ.

ಮರುದಿನ ಆರು ಗಂಟೆಗೆ ಮಂಗಳಾರತಿ ಮುಗಿಸಿ, ಯಜಮಾನರ ವ್ಯಾನಿಗೆ ಸಾಮಾನು ತುಂಬಿದೆವು. ಗಾಡಿಯನ್ನು ಹೊತ್ತು ತಂದದ್ದು ಮೇಸ್ತ್ರಿ. ಬೆಳಕಿನಲ್ಲಿ ಅದನ್ನು ಒಂದು ಗಳಿಗೆ ತಿರುಗಿಸಿ ನೋಡಿ ನನ್ನ ತೊಡೆಯ ಮೇಲಿಟ್ಟರು. ಏನೋ ಮರೆತೆ ಎಂದು ಮತ್ತೆ ಮೇಲೆ ಹೋಗಿ ಬಂದರು. ಉತ್ತರ ಮದ್ರಾಸಿನ ರಸ್ತೆಯೆಂದರೆ ಕಂಟೇನರ್ ಲಾರಿಗಳ ಸಾಲು, ಅವು ತೋಡಿದ ಗುಂಡಿಗಳ ಸಾಲು. ಒಂದೂಕಾಲು ಗಂಟೆ ವ್ಯಾನು ಕುಣಿಯಿತು, ವ್ಯಾನಿನಲ್ಲಿ ನಾವು ಕುಣಿದೆವು, ನನ್ನ ತೊಡೆಯ ಮೇಲೆ ಗಾಡಿ ಕುಣಿಯಿತು.

ಎಣ್ಣೂರಿನಲ್ಲಿ ಇಳಿದು ನೋಡಿದರೆ ನನ್ನ ಚೂಡಿದಾರದ ಮೇಲೆ ಎಣ್ಣೆಯ ಕಲೆ. ಗಾಡಿಯನ್ನು ತಿರುಗಿಸಿದೆ. ಎಡ ಹಿಂಭಾಗದ ಶಾಕ್ ಪೂರ್ತಿ ತೊಯ್ದಿತ್ತು. ಉಳಿದ ಮೂರರ ಬುಡದಲ್ಲಿ ಕೇಸರಿ ಬಣ್ಣದ ಕೆಸರು.

ಒಣಗಿದ ಗಂಧದಲ್ಲಿ ತೇಯುವ ಕಲ್ಲಿನ ಪುಡಿಯೂ ಇರುತ್ತದೆ. ಕಡ್ಡಿ ಮೇಲೆ ಕೆಳಗೆ ಆಡಿದಾಗಲೆಲ್ಲ ಆ ಪುಡಿ ಒಳಗೆ ಹೋಗಿ, ಎಣ್ಣೆ ತಡೆಯುವ ರಬ್ಬರ್ ರಿಂಗನ್ನು ಅರದ ಹಾಗೆ ಉಜ್ಜಿತ್ತು. ಯಾವ ಶತ್ರುವೂ ಮಾಡಲಾಗದ ಕೆಲಸವನ್ನು ನಾನು ಕೈಮುಗಿದು ಮಾಡಿದ್ದೆ. ಆ ರಿಂಗುಗಳು ಅಂಗಡಿಯ ದಾಸ್ತಾನಿನಲ್ಲಿ ಮುಗಿದು ಎರಡು ತಿಂಗಳಾಗಿತ್ತು. ಹೊರದೇಶದಿಂದ ಬರಬೇಕಾದ ಸಾಮಾನು. ದಾಸ್ತಾನಿನ ಪಟ್ಟಿ ಬರೆಯುವವಳು ನಾನೇ, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನಮ್ಮ ಸರದಿಗೆ ನಲವತ್ತೈದು ನಿಮಿಷವಿತ್ತು. ಮೇಸ್ತ್ರಿ ಹೊಸ ಶರ್ಟು ಹಾಕಿಕೊಂಡು, ಬೇವಿನ ಮರದ ಕೆಳಗೆ ಕೂತು ಪೊಟ್ಟಣದ ಇಡ್ಲಿ ತಿನ್ನುತ್ತಿದ್ದರು. ನಾನು ಅವರ ಮುಂದೆ ಹೋಗಿ ನಿಂತೆ.

"ಮೇಸ್ತ್ರಿ, ಶಾಕ್ ಲೀಕಾಗ್ತಿದೆ. ನಾಲ್ಕೂ. ನಾನೇ ನಿನ್ನೆ ಕಡ್ಡಿಗೆ ಗಂಧ ಹಚ್ಚಿಬಿಟ್ಟೆ."

ಅವರು ಬೆರಳಿಗಂಟಿದ ಚಟ್ನಿ ನೆಕ್ಕಿದರು. "ಅಪ್ಪಡಿಯಾ? ಟೈಮ್ ಎಷ್ಟಿದೆ?"

"ಮುಕ್ಕಾಲು ಗಂಟೆ."

"ಸೆರಿ. ರೆಡಿಯಾದ್ಮೇಲೆ ಕರಿ." ಮತ್ತೊಂದು ಇಡ್ಲಿ ಮುರಿದರು.

ಅವರ ಕಾಲು ಹಿಡಿದು "ಈಗಲಾದರೂ ಕೈ ಹಾಕಿ" ಅನ್ನಬೇಕೆನಿಸಿತು. ಅನ್ನಲಿಲ್ಲ. ಮೂರು ವಾರದ ಹಿಂದಿನ ಹಟ ಇನ್ನೂ ಹಾಗೇ ಕೂತಿತ್ತು. ಅವರು ಇಷ್ಟು ವರ್ಷ ಕಾದ ಒಂದೇ ಒಂದು ರೇಸನ್ನು ಕೆಡಿಸಿದವಳು ಅದನ್ನು ಸರಿಪಡಿಸುವ ಕೆಲಸವನ್ನೂ ಅವರ ತಲೆಗೇ ಕಟ್ಟುವುದು ಹೇಗೆ ಎಂಬ ನಾಚಿಕೆ ಅದರ ಮೇಲೆ ಕೂತಿತ್ತು. ವ್ಯಾನಿನ ಹಿಂಬಾಗಿಲು ತೆರೆದು, ಬಿಳಿ ಬಟ್ಟೆ ಹಾಸಿ, ನಾಲ್ಕೂ ಶಾಕ್ ಬಿಚ್ಚಿದೆ.

ಒಂದೊಂದು ಶಾಕ್‌ನಲ್ಲಿ ಎರಡು ರಿಂಗ್, ಹೊರಗೊಂದು ಒಳಗೊಂದು. ಹೊರಗಿನ ನಾಲ್ಕೂ ಹಾಳು. ಒಳಗಿನವುಗಳಲ್ಲಿ ಎಡ ಹಿಂದಿನದು ಹೋಗಿತ್ತು, ಉಳಿದ ಮೂರು ಗಟ್ಟಿಮುಟ್ಟಾಗಿದ್ದವು. ನಾಲ್ಕು ಶಾಕ್‌ಗೆ ಮೂರು ರಿಂಗು. ಮೂರನ್ನು ಸರಿ ಮಾಡಿ ಒಂದನ್ನು ಕುಂಟಿಸಿದರೆ ಗಾಡಿ ಒಂದು ಕಡೆಗೆ ವಾಲುತ್ತದೆ, ಹಾರಿ ಇಳಿದಲ್ಲೇ ಮಗುಚುತ್ತದೆ. ಹತ್ತು ನಿಮಿಷ ಆ ಮೂರು ರಿಂಗನ್ನು ಅಂಗೈಯಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದೆ.

ಕೊನೆಗೆ ತೀರ್ಮಾನ ಮಾಡಿದೆ: ಜೋಡಿ ಸಮ ಇರಬೇಕು. ಒಳ್ಳೆಯ ರಿಂಗು ಎರಡು ಹಿಂದಿನ ಶಾಕ್‌ಗಳಿಗೆ, ಏಕೆಂದರೆ ಮಣ್ಣು ಹಿಡಿಯುವುದು ಹಿಂದಿನ ಚಕ್ರ. ಮುಂದಿನ ಎರಡಕ್ಕೂ ತೊಳೆದ ಹಳೆಯ ರಿಂಗೇ, ಸೋರಿದರೆ ಎರಡೂ ಸಮನಾಗಿ ಸೋರಲಿ. ಮೂರನೆಯ ಒಳ್ಳೆಯ ರಿಂಗನ್ನು ಹೊಟ್ಟೆ ಉರಿದುಕೊಂಡೇ ಬದಿಗಿಟ್ಟೆ. ಸೋರುವುದು ತಡವಾಗಲು ದಪ್ಪ ಎಣ್ಣೆ ಬೇಕಿತ್ತು. ಪೆಟ್ಟಿಗೆಯಲ್ಲಿ ಹುಡುಕಿದಾಗ ಸಿಕ್ಕಿದ್ದು ವಿಮಾನದ ಎಂಜಿನ್ನಿಗೆ ಬೆರೆಸುವ ಹರಳೆಣ್ಣೆಯ ಬಾಟಲಿ. ಬೆರಳಿಗೆ ಹಚ್ಚಿ ನೋಡಿದೆ. ಅಮ್ಮ ತಲೆಗೆ ಒತ್ತುವ ಅದೇ ಜಿಗುಟು. ಮುಂದಿನ ಎರಡು ಶಾಕ್‌ಗೆ ಅದನ್ನೇ ತುಂಬಿದೆ. ಹರಳೆಣ್ಣೆಗೆ ಒಂದು ದೋಷವಿದೆ, ಬಿಸಿಯಾದ ಹಾಗೆ ಬೇಗ ತೆಳ್ಳಗಾಗುತ್ತದೆ. ಆ ದೋಷವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮೇಸ್ತ್ರಿಯನ್ನು ಕರೆದೆ.

"ಮೊದಲ ಎರಡು ಸುತ್ತು ಗಾಡಿ ಮೂಗು ಮಂಕಾಗಿರುತ್ತೆ, ತಿರುವಿಗೆ ಮುಂಚೇನೇ ತಿರುಗಿಸಿ. ಆಮೇಲೆ ಎಣ್ಣೆ ಹದಕ್ಕೆ ಬರುತ್ತೆ, ನಿಮ್ಮಿಷ್ಟ. ಕೊನೆಯ ಎರಡು ಸುತ್ತು ಮಾತ್ರ ದಿಬ್ಬ ಹಾರಬೇಡಿ, ಉರುಳಿಸ್ಕೊಂಡು ಹೋಗಿ. ಅಷ್ಟೊತ್ತಿಗೆ ಮುಂದಿನ ಶಾಕ್ ಖಾಲಿ ಆಗಿರುತ್ತೆ. ಮೂಗು ಬಡಿದರೆ ಚಕ್ರ ಹಿಡಿದಿರೋ ತೋಳು ಮುರಿಯುತ್ತೆ."

ಅವರು ಶಾಲೆಯ ಹುಡುಗನ ಹಾಗೆ ಬೆರಳು ಮಡಿಸುತ್ತ ಕೇಳಿಸಿಕೊಂಡರು. "ಎರಡು ಮಂಕು. ನಡುವೆ ನನ್ನಿಷ್ಟ. ಕೊನೆ ಎರಡು ಹಾರಬಾರ್ದು. ಸೆರಿ ಮಾ."

ಏಳು ಗಾಡಿಗಳು ಹೊರಟವು, ಹತ್ತು ಸುತ್ತಿನ ರೇಸು. ಮೊದಲ ಎರಡು ಸುತ್ತಿನಲ್ಲಿ ನಮ್ಮದು ಕಟ್ಟಕಡೆಯದು. ನಮ್ಮ ಹಳೆಯ ಗಿರಾಕಿಯೊಬ್ಬರು ಮೇಸ್ತ್ರಿಯ ಪಕ್ಕದಲ್ಲೇ ನಿಂತು ತಮ್ಮ ಗಾಡಿ ಓಡಿಸುತ್ತ ನಗುತ್ತಿದ್ದರು. ಮೂರನೆಯ ಸುತ್ತಿಗೆ ಹರಳೆಣ್ಣೆ ಹದಕ್ಕೆ ಬಂತು. ಗಾಡಿ ದಿಬ್ಬ ಹಾರಿತು, ಮೇಸ್ತ್ರಿಯ ಹಿಮ್ಮಡಿ ಹಾರಿತು. ಒಂದನ್ನು ಹಿಂದೆ ಹಾಕಿತು, ತಿರುವಿನಲ್ಲಿ ಮಗುಚಿದ ಎರಡನ್ನು ಬಳಸಿ ಹೋಯಿತು. ಎಂಟನೆಯ ಸುತ್ತಿಗೆ ನಾಲ್ಕನೆಯ ಸ್ಥಾನ. ಮೂರನೆಯ ಗಾಡಿ ಎಲ್ಲೋ ಮುಗ್ಗರಿಸಿ, ದಿಬ್ಬ ಹಾರಲಾರದೆ ಕುಂಟುತ್ತ, ಈಗ ಹತ್ತೇ ಅಡಿ ಮುಂದಿತ್ತು. ಅದು ನಕ್ಕ ಗಿರಾಕಿಯ ಗಾಡಿ.

ಉಳಿದದ್ದು ಎರಡು ಸುತ್ತು. ದಿಬ್ಬ ಹಾರಿದರೆ ಮೂರನೆಯ ಸ್ಥಾನ ನಮ್ಮದೇ ಎಂಬುದು ಬಯಲಿನಲ್ಲಿದ್ದ ನಾಯಿಗೂ ಗೊತ್ತಿತ್ತು. "ಗುದಿ, ಮೇಸ್ತ್ರಿ, ಗುದಿ!" ಹಾರು ಹಾರು ಎಂದು ಯಜಮಾನರು ತಮಿಳಿನಲ್ಲಿ ಕಿರುಚಿದರು. ಮೇಸ್ತ್ರಿಯ ಗಾಡಿ ದಿಬ್ಬದ ಬುಡಕ್ಕೆ ಬಂದು ನಿಧಾನವಾಯಿತು. ಮೆಲ್ಲಗೆ ಹತ್ತಿತು, ಮೆಲ್ಲಗೆ ಇಳಿಯಿತು. ಕೊನೆಯ ಸುತ್ತಿನಲ್ಲೂ ಹಾಗೆಯೇ. ಒಂದು ಗಾಡಿಯುದ್ದದ ಅಂತರದಲ್ಲಿ ನಾವು ನಾಲ್ಕನೆಯವರಾದೆವು.

ನಾನು ಓಡಿಹೋಗಿ ಗಾಡಿ ಎತ್ತಿಕೊಂಡು ಬಂದು, ಮುಂದಿನ ಶಾಕ್‌ನ ಮುಚ್ಚಳ ಬಿಚ್ಚಿದೆ. ಅರ್ಧಕ್ಕಿಂತ ಹೆಚ್ಚು ಎಣ್ಣೆ ಹಾಗೇ ಇತ್ತು. ಹರಳೆಣ್ಣೆ ನಾನು ಅಂದುಕೊಂಡಷ್ಟು ಸೋರಿರಲಿಲ್ಲ.

"ಮೇಸ್ತ್ರಿ, ಹಾರಬಹುದಿತ್ತು," ಅಂದೆ. ಅಳು ಬರುತ್ತಿತ್ತು. "ನನ್ನ ಲೆಕ್ಕ ತಪ್ಪಿತು. ನೀವು ಮೂರನೆಯವರಾಗಬಹುದಿತ್ತು."

"ಹೌದಾ?" ಅವರ ಮುಖ ಬೆವರಿ ಹೊಳೆಯುತ್ತಿತ್ತು. "ಪರವಾಯಿಲ್ಲ ಬಿಡು. ಮೆಕ್ಯಾನಿಕ್ ಬೇಡ ಅಂದ್ಮೇಲೆ ಡ್ರೈವರ್ ಹಾರ್ಬಾರ್ದು ತಾನೇ?"

ಬೆವರೊರೆಸಲು ಅವರು ಶರ್ಟಿನ ಜೇಬಿನಿಂದ ಕರವಸ್ತ್ರ ಎಳೆದರು. ಅದರ ಜೊತೆ ಒಂದು ಸಣ್ಣ ಪ್ಲಾಸ್ಟಿಕ್ ಪೊಟ್ಟಣ ಬಂದು ಮರಳಿನ ಮೇಲೆ ಬಿತ್ತು. ಎತ್ತಿಕೊಂಡು ನೋಡಿದೆ. ಒಳಗೆ ಎಂಟು ರಬ್ಬರ್ ರಿಂಗುಗಳು, ಹೊಚ್ಚಹೊಸವು, ನಮ್ಮ ಶಾಕ್‌ನ ಅಳತೆಯವೇ.

"ಇದೇನಿದು?"

"ನನ್ನ ಹಳೇ ಡಬ್ಬೀಲಿ ಇತ್ತು. ಬೆಳಿಗ್ಗೆ ಗಂಧ ನೋಡ್ದೆ. ಮೇಲೆ ಹೋಗಿ ತಂದೆ."

"ತಂದು ಜೇಬಲ್ಲಿ ಇಟ್ಕೊಂಡ್ರಾ? ನಾನಲ್ಲಿ ಸಾಯ್ತಾ ಇದ್ದೆ! ಕೊಡೋಕೇನಾಗಿತ್ತು?"

"ನೀನು ಕೇಳಿದ್ರೆ ಕೊಡ್ತಿದ್ದೆ ಮಾ. ಮೆಕ್ಯಾನಿಕ್ ಕೇಳಿದ್ರೆ ಡ್ರೈವರ್ ಕೊಡ್ಬಹುದು. ಡ್ರೈವರ್ ತಾನಾಗಿ ಹೋಗಿ ಕೊಟ್ರೆ, ನಮ್ಮ ಗಿರಾಕಿಗಳಿಗೂ ನನಗೂ ಏನು ವ್ಯತ್ಯಾಸ?"

ನನಗೆ ಬಂದ ಕೋಪ ಇಂಥದ್ದೆಂದು ಹೇಳಲಾರೆ. ಆ ಪೊಟ್ಟಣವನ್ನು ಅವರ ತಲೆಯ ಮೇಲೆ ಎಸೆಯಬೇಕೆನಿಸಿತು, ಎಸೆಯದೆ ನನ್ನ ಪೆಟ್ಟಿಗೆಗೆ ಹಾಕಿಕೊಂಡೆ. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡವಳು ನಾನೇ. ಒಂದು ಮಾತು ಕೇಳಿದ್ದರೆ ಗಾಡಿ ಕೊನೆಯ ತನಕ ಹಾರುತ್ತಿತ್ತು. ಕೇಳದೆ ಹೋದದ್ದು ನನ್ನ ಹಟ. ಕೊಡದೆ ಹೋದದ್ದು ಅವರ ಹಟ. ನಾಲ್ಕು ವರ್ಷ ಒಂದೇ ಬೆಂಚಿನಲ್ಲಿ ಕೂತರೆ ಇನ್ನೇನಾಗುತ್ತದೆ?

ವಾಪಸು ಬರುವಾಗ ವ್ಯಾನಿನಲ್ಲಿ ಯಜಮಾನರು ಒಬ್ಬರೇ ಮಾತಾಡುತ್ತಿದ್ದರು. ನಾನು ತಿರುವೊಟ್ಟಿಯೂರು ದಾಟುವ ತನಕ ಮೇಸ್ತ್ರಿಯ ಕಡೆ ನೋಡಲಿಲ್ಲ. ಅಷ್ಟು ಹೊತ್ತಿಗೆ ಕೋಪ ಅರ್ಧ ಇಳಿದಿತ್ತು, ಮುಂದಿನ ವಾರ ಆ ಸ್ಟೂಲು ಖಾಲಿ ಇರುತ್ತದೆಂಬುದು ನೆನಪಾಗಿತ್ತು.

"ಮೇಸ್ತ್ರಿ," ಅಂದೆ, "ಕೊನೇ ಸುತ್ತಲ್ಲಿ ಹಾರಬೇಕು ಅನ್ನಿಸಲಿಲ್ವಾ?"

ಅವರು ಕಿಟಕಿಯ ಆಚೆ ನೋಡುತ್ತಿದ್ದರು.

"ರೊಂಬ ಅನ್ನಿಸ್ತು ಮಾ," ಅಂದರು.

ತೊಡೆಯ ಮೇಲಿದ್ದ ಅವರ ಬಲಗೈಯ ತೋರುಬೆರಳು ಇಲ್ಲದ ಟ್ರಿಗರೊಂದನ್ನು ಮೆಲ್ಲಗೆ ಕೊನೆ ತನಕ ಎಳೆದು ಬಿಡುತ್ತಿತ್ತು, ಮತ್ತೆ ಎಳೆದು ಬಿಡುತ್ತಿತ್ತು.